ಅತಿಕ್ರಮಣ ಎಂದು ಬರೆದವನು

ಸಾಗರ, 9 ನವೆಂಬರ್ 1964, ಸೋಮವಾರ

ಮಧ್ಯಾಹ್ನ ಬಸ್ಸಿಳಿದೆ. ಹೊಸನಗರ ದಾಟಿದ ಮೇಲೆ ಒಂದು ಕಡೆ ಹಳೆಯ ರಸ್ತೆ ನೇರವಾಗಿ ನೀರಿಗೆ ಇಳಿದುಹೋಗುವುದು ಕಿಟಕಿಯಿಂದ ಕಂಡಿತು. ಶರಾವತಿಗೆ ಕಟ್ಟಿದ ಅಣೆಕಟ್ಟಿನ ಹಿನ್ನೀರು ಈ ಮಳೆಗಾಲದಲ್ಲಿ ಅಲ್ಲಿಯವರೆಗೂ ಬಂದಿದೆಯಂತೆ. ಕಂಡಕ್ಟರು ಆ ಕಡೆ ತಿರುಗಿಯೂ ನೋಡಲಿಲ್ಲ.

ದರ್ಜಿ ಜಟ್ಟಿಂಗಪ್ಪನವರ ಅಂಗಡಿಯ ಮಾಳಿಗೆ ಬಾಡಿಗೆಗೆ ಸಿಕ್ಕಿದೆ. ಒಂದು ಮೇಜು, ಒಂದು ಕಿಟಕಿ, ಕೆಳಗೆ ಹೊಲಿಗೆ ಯಂತ್ರದ ಸದ್ದು. ಸಾಕು.

ಈ ದಿನಚರಿ ನನಗೆ ಮಾತ್ರ. ಮೈಸೂರಿಗೆ, ಪ್ರೊಫೆಸರರಿಗೆ ಕಳಿಸುವ ವರದಿಯಲ್ಲಿ ಸೇರದ್ದನ್ನು ಇಲ್ಲಿ ಬರೆಯುತ್ತೇನೆ. ಅಂಥದ್ದು ಹೆಚ್ಚೇನೂ ಇರಲಾರದು.

ಪ್ರೊಫೆಸರರ ಸಿದ್ಧಾಂತವನ್ನು ಒಮ್ಮೆ ನನ್ನ ಮಾತಿನಲ್ಲಿ ಬರೆದಿಟ್ಟುಕೊಳ್ಳುತ್ತೇನೆ. ಪಟ್ಟಣವೂ ಒಂದು ಕಾಡು. ಕಾಡಿನಲ್ಲಿ ಗಿಡಗಳು ಬೆಳಕಿಗಾಗಿ ಪೈಪೋಟಿ ನಡೆಸುವಂತೆ ಪಟ್ಟಣದಲ್ಲಿ ಜನ ನೆಲಕ್ಕಾಗಿ ಪೈಪೋಟಿ ನಡೆಸುತ್ತಾರೆ. ಬಲವಿದ್ದವರು ನಡುವಿನ ಜಾಗ ಹಿಡಿಯುತ್ತಾರೆ, ಇಲ್ಲದವರು ಅಂಚಿಗೆ ಸರಿಯುತ್ತಾರೆ. ಹೊಸಬರು ಒಳಬರುತ್ತಾರೆ, ಹಳಬರು ಬಿಟ್ಟು ಹೋಗುತ್ತಾರೆ. ಯಾರೂ ಆಜ್ಞೆ ಮಾಡದೆಯೇ ಊರು ಒಂದರ ಸುತ್ತ ಒಂದರಂತೆ ಬಳೆಬಳೆಯಾಗಿ ಬೆಳೆಯುತ್ತದೆ. ಅಮೆರಿಕದ ದೊಡ್ಡ ನಗರವೊಂದರಲ್ಲಿ ಇದನ್ನು ತೋರಿಸಿಕೊಟ್ಟಿದ್ದಾರೆ. ಸಾಗರದಂಥ ಸಣ್ಣ ಊರಿನಲ್ಲೂ ತೋರಿಸಿಕೊಡುವುದು ನನ್ನ ಕೆಲಸ. ಇದರಲ್ಲಿ ಯಾರನ್ನೂ ದೂರುವುದಿಲ್ಲ, ಯಾರನ್ನೂ ಹೊಗಳುವುದಿಲ್ಲ ಎನ್ನುವುದೇ ನನಗೆ ಹಿಡಿಸಿದ್ದು. ರಾಜಕೀಯವಿಲ್ಲದ ಶಾಸ್ತ್ರ.

14 ನವೆಂಬರ್

ಮೂರು ಬಳೆಗಳನ್ನು ಗುರುತಿಸಿದ್ದಾಯಿತು. ಪೇಟೆ ಬೀದಿ ಮೊದಲನೆಯದು. ಅದರ ಸುತ್ತ ವ್ಯಾಪಾರಿಗಳ, ಗಂಧದ ಕೆತ್ತನೆಯ ಗುಡಿಗಾರರ, ನೌಕರರ ಮನೆಗಳು ಎರಡನೆಯದು. ಹೊಸನಗರ ರಸ್ತೆಯ ಬದಿಯ ಕಲ್ಲುಗುಂಡಿ ಮೂರನೆಯದು. ಜಂಬಿಟ್ಟಿಗೆ ಕಲ್ಲು ತೆಗೆದು ಬಿಟ್ಟುಹೋದ ಹಳ್ಳ ಅದು. ಅದರ ಒಳಗೂ ಅಂಚಿಗೂ ನಲವತ್ತಮೂರು ಗುಡಿಸಲು. ಹೋದ ವರ್ಷ ಒಂದೂ ಇರಲಿಲ್ಲವಂತೆ. ಪುಸ್ತಕದಲ್ಲಿ ಓದಿದ್ದು ಹೀಗೆ ಕಣ್ಣೆದುರಿಗೆ ನಿಂತಿರುವುದನ್ನು ಕಂಡು ನಿಜಕ್ಕೂ ಖುಷಿಯಾಯಿತು.

ಗುಡಿಸಲುಗಳ ಬಾಗಿಲಿಗೆ ಟಾರಿನಿಂದ ನಂಬರು ಬರೆಯಹೋದರೆ ಮೊದಲು ಯಾರೂ ಒಪ್ಪಲಿಲ್ಲ. ಮರದ ಮಿಲ್ಲಿನಲ್ಲಿ ದಿಮ್ಮಿ ಹೊರುವ ನಿಂಗಪ್ಪ ಎಂಬಾತ ಮುಂದೆ ಬಂದು ಕೇಳಿದ:

“ಇದು ಸರ್ಕಾರದ ನಂಬರಾ ಸ್ವಾಮಿ?”

“ಲೆಕ್ಕಕ್ಕೆ,” ಎಂದೆ.

“ನಂಬರಿದ್ರೆ ರೇಷನ್ ಕಾರ್ಡ್ ಕೊಡ್ತಾರೆ ಅಂತಾರಪ್ಪ.”

ನಾನು ಹೌದೆನ್ನಲಿಲ್ಲ. ಅಲ್ಲವೆನ್ನಲೂ ಇಲ್ಲ. ಆಮೇಲೆ ಅವನೇ ಟಾರಿನ ಡಬ್ಬಿ ಹಿಡಿದು ನನ್ನ ಮುಂದೆ ನಡೆದ. “ಹಾಕ್ಸ್ಕಳಿ, ನಂಬರ್ ಬಂದ್ರೆ ನಾವೂ ಊರೊಳಗೆ ಬಂದಂಗೆ” ಎಂದು ಮನೆಮನೆಗೂ ಹೇಳಿ ಒಪ್ಪಿಸಿದ. ಸಂಜೆಯೊಳಗೆ ನಲವತ್ತಮೂರೂ ಮುಗಿಯಿತು. ಇಷ್ಟು ಸಲೀಸಾಗುತ್ತದೆಂದು ಎಣಿಸಿರಲಿಲ್ಲ.

22 ನವೆಂಬರ್, ಭಾನುವಾರ

ಮನೆ ಸಂಖ್ಯೆ 17. ಕುಟುಂಬದ ಯಜಮಾನಿ ಕೆರಿಯಮ್ಮ, ವಯಸ್ಸು ಐವತ್ತೈದರ ಸುಮಾರು, ವಿಧವೆ. ನಿಂಗಪ್ಪ ಇವರ ಅಳಿಯ.

ಫಾರ್ಮಿನಲ್ಲಿ ‘ಹಿಂದಿನ ವಿಳಾಸ’ ಎಂಬ ಕಾಲಂ ಇದೆ. ಕೇಳಿದೆ.

“ಮನೆ ಹಿಂದೆ ಹಲಸಿನ ಮರ, ಮುಂದೆ ಗದ್ದೆ,” ಎಂದರು. “ಈಗ ಆ ಮರದ ತುದಿ ಮೇಲೆ ದೋಣಿ ಹೋಗ್ತದೆ.”

“ಊರಿನ ಹೆಸರು ಹೇಳಿ.”

“ಹೆಸ್ರು ಹೇಳ್ತೀನಿ. ನೀವು ಕಾಗದ ಹಾಕಿದ್ರೆ ಅಲ್ಲಿ ಯಾರು ತಗಂತಾರೆ?”

ಮುಂದಿನದು ‘ಪಟ್ಟಣಕ್ಕೆ ಬರಲು ಕಾರಣ’. ಉದ್ಯೋಗ, ವ್ಯಾಪಾರ, ವಿದ್ಯಾಭ್ಯಾಸ ಎಂದು ಮೂರು ಉತ್ತರಗಳು ಮೊದಲೇ ಅಚ್ಚಾಗಿವೆ. ಓದಿ ಹೇಳಿದೆ. ಅವರು ಬಹಳ ಹೊತ್ತು ಯೋಚಿಸಿದರು. ತಮಾಷೆಗಲ್ಲ, ನಿಜವಾಗಿಯೇ ಯೋಚಿಸಿದರು.

“ನೀರು ಬಂತು ಅಂತ ಇಲ್ವಾ?”

“ಇಲ್ಲ.”

“ಹಂಗಾರೆ ನಿಮ್ಗೆ ಯಾವ್ದು ಸುಲಭ, ಅದನ್ನ ಹಾಕ್ಕಳಿ.”

ಉದ್ಯೋಗ ಎಂದು ಗುರುತು ಹಾಕಿದೆ. ಪರಿಹಾರ ಸಿಗಲಿಲ್ಲವೇ ಎಂದು ಫಾರ್ಮಿನಲ್ಲಿ ಇಲ್ಲದ ಪ್ರಶ್ನೆಯನ್ನೂ ಕೇಳಿದೆ. “ಒಡೇರಿಗೆ ಸಿಕ್ತು. ಮೂರು ತಲೆಮಾರು ಗೇಯ್ದೋರು ನಾವು. ನಮ್ಮ ಹೆಸ್ರು ಯಾವ ಕಾಗ್ದದಲ್ಲೂ ಇರ್ಲಿಲ್ಲ” ಎಂದರು. ಗೋಡೆಯ ಕಡೆ ನೋಡಿಕೊಂಡು ಹೇಳಿದರು. ಪೆನ್ನಿಗೆ ಮುಚ್ಚಳ ಹಾಕಿ, ಮತ್ತೆ ತೆಗೆದೆ. ಏಕೆಂದು ತಿಳಿಯದು, ಇಂಥ ಸಂಗತಿ ಪತ್ರಿಕೆಯಲ್ಲಿ ಎಷ್ಟೋ ಸಲ ಓದಿದ್ದೇನೆ.

ಬೆಲ್ಲ, ನೀರು ತಂದಿಟ್ಟರು. ಮುಟ್ಟದೆ ಬಂದೆ. ಬಾಯಾರಿಕೆ ಇರಲಿಲ್ಲ.

3 ಡಿಸೆಂಬರ್

ಜಟ್ಟಿಂಗಪ್ಪನವರೊಡನೆ ವಾದವಾಯಿತು. ಹದಿಮೂರು ವರ್ಷದ ಹಿಂದೆ ಕಾಗೋಡಿನಲ್ಲಿ ಗೇಣಿದಾರರು ಸತ್ಯಾಗ್ರಹ ಮಾಡಿದಾಗ ಇವರೂ ಜೈಲಿಗೆ ಹೋಗಿದ್ದರಂತೆ. ಈಗಲೂ ಸಮಾಜವಾದಿ ಪಕ್ಷದ ಟೋಪಿ ಅಂಗಡಿಯ ಮೊಳೆಯಲ್ಲಿ ನೇತಾಡುತ್ತಿರುತ್ತದೆ. ಯಾರದೋ ಕೋಟಿಗೆ ಗುಂಡಿ ಹೊಲಿಯುತ್ತಲೇ ನನ್ನ ನಕ್ಷೆಯನ್ನು ನೋಡಿದರು. ಕಾಡಿನ ಹೋಲಿಕೆಯನ್ನು ವಿವರಿಸಿದೆ.

“ಅಲ್ಲ ಗಣೇಶಮೂರ್ತಿಯೋರೆ, ಕಾಡಲ್ಲಿ ಮತ್ತಿ ಮರ ಹೊನ್ನೆ ಮರಕ್ಕೆ ನೋಟೀಸ್ ಕೊಡ್ತದಾ? ಪಕ್ಕದ ಗಿಡದ ಮೇಲೆ ದಾವೆ ಹಾಕ್ತದಾ?”

“ಅದು ಹೋಲಿಕೆ ಮಾತ್ರ.”

“ಹೋಲಿಕೆ ಸರಿ. ಈ ನಲವತ್ತಮೂರು ಮನೆಯೋರು ಗಾಳಿಗೆ ಹಾರಿ ಬಂದ ಬೀಜವಾ? ಅಣೆಕಟ್ಟು ಕಟ್ಟಿ ಅಂತ ಯಾರೋ ಒಬ್ರು ರುಜು ಹಾಕಿದಾರಲ್ಲ. ನಿಮ್ಮ ನಕ್ಷೆಯಲ್ಲಿ ಆ ರುಜು ಎಲ್ಲಿದೆ?”

ಶಾಸ್ತ್ರ ಅಂಥ ಬಿಡಿ ಘಟನೆಗಳನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ ಎಂದೆ.

“ನಿಮ್ಮ ಪ್ರೊಫೆಸರು ಯಾವ ಪಕ್ಷ?”

“ಅವರಿಗೆ ಪಕ್ಷವಿಲ್ಲ.”

“ಹಂಗಾರೆ ಗೆದ್ದೋರ ಪಕ್ಷ,” ಎಂದು ಹಲ್ಲಿನಿಂದ ದಾರ ಕತ್ತರಿಸಿದರು.

ಎಲ್ಲವನ್ನೂ ಪಕ್ಷದ ಕನ್ನಡಕದಲ್ಲೇ ನೋಡುವವರೊಡನೆ ಚರ್ಚೆ ಕಷ್ಟ. ಪ್ರೊಫೆಸರರು ತರಗತಿಯಲ್ಲಿ ಆಗಾಗ ಹೇಳುತ್ತಿದ್ದರು: ಪೈಪೋಟಿಯಿಲ್ಲದ ಸಮಾಜವೆಂದರೆ ಜೈಲು, ರಷ್ಯಾವನ್ನು ನೋಡಿ. ಅದನ್ನು ಜಟ್ಟಿಂಗಪ್ಪನವರಿಗೆ ಹೇಳೋಣವೆಂದುಕೊಂಡವನು ಏಕೋ ಹೇಳಲಿಲ್ಲ.

20 ಡಿಸೆಂಬರ್

ಪ್ರೊಫೆಸರರಿಂದ ವರದಿಯ ಸಾರಾಂಶ ಬಂದಿದೆ, ಇಂಗ್ಲಿಷಿನಲ್ಲಿ. ಊರಿನ ಪ್ರಮುಖರಿಗೆ ಹಂಚಲು ಕನ್ನಡ ಮಾಡಿಕೊಡಬೇಕು. ಇನ್ನೂ ಹದಿನೆಂಟು ಮನೆಗಳ ಫಾರ್ಮು ನನ್ನ ಬಳಿಯೇ ಇವೆ, ಕಳಿಸಿಲ್ಲ. ಆದರೂ ಸಾರಾಂಶದಲ್ಲಿ ನಲವತ್ತಮೂರು ಮನೆಗಳ ತೀರ್ಮಾನವೂ ಇದೆ. ಅರೆಕ್ಷಣ ಬೆರಗಾದೆ. ಅನುಭವಿಗಳು, ಅರ್ಧ ನೋಡಿದರೆ ಉಳಿದರ್ಧ ತಿಳಿಯುತ್ತದೆ ಎಂದುಕೊಂಡೆ.

ಅನುವಾದ ನನಗೆ ಇಷ್ಟದ ಕೆಲಸ. ಒಂದೇ ಒಂದು ಪದ ಇಡೀ ಬೆಳಗನ್ನು ತಿಂದಿತು. ಹೊಸ ಗಿಡಗಳು ಒಂದು ಜಾಗಕ್ಕೆ ಒಳಬಂದು ಬೇರೂರುವುದಕ್ಕೆ ಶಾಸ್ತ್ರದಲ್ಲಿ ಒಂದು ಮಾತಿದೆ. ‘ಒಳಬರುವಿಕೆ’ ಎಂದರೆ ಸಪ್ಪೆ. ‘ಆಕ್ರಮಣ’ ಎಂದರೆ ಯುದ್ಧದ ವಾಸನೆ. ಹಾಗೆಯೇ ಕೂತಿರುವಾಗ ‘ಅತಿಕ್ರಮಣ’ ಎಂಬ ಪದ ತಾನಾಗಿ ಬಾಯಿಗೆ ಬಂತು. ಗಟ್ಟಿಯಾದ, ಗಂಭೀರವಾದ ಪದ. ವಾಕ್ಯಕ್ಕೆ ಸರಿಯಾಗಿ ಕೂತಿತು: “ಮೂರನೆಯ ವಲಯವು ಇತ್ತೀಚಿನ ಅತಿಕ್ರಮಣದ ಪ್ರದೇಶವಾಗಿದ್ದು ಕ್ಷೀಣಸ್ಥಿತಿಯಲ್ಲಿದೆ.”

ಎರಡು ಸಲ ಗಟ್ಟಿಯಾಗಿ ಓದಿ ನೋಡಿದೆ. ಚೆನ್ನಾಗಿದೆ.

12 ಜನವರಿ 1965

ಪುರಸಭೆ ನೇಮಿಸಿದ ಸುಧಾರಣಾ ಸಮಿತಿಯ ಸಭೆಯಲ್ಲಿ ವರದಿ ಓದಿದೆ. ನಕ್ಷೆಯನ್ನು ಗೋಡೆಗೆ ತೂಗುಹಾಕಿದ್ದರು. ಅಧ್ಯಕ್ಷರು ಮರದ ಮಿಲ್ಲಿನ ಗಿರಿಯಪ್ಪನವರು. ಒಂದು ಕಾಲಕ್ಕೆ ತಾವೂ ಗೇಣಿದಾರರಾಗಿದ್ದು, ನೆಲ ಕೊಂಡು, ಮಿಲ್ಲು ಹಾಕಿದವರು. ನನಗೆ ಶಾಲು ಹೊದಿಸಿ ಮಾತಾಡಿದರು.

“ಈ ಹುಡುಗ ಹೇಳಿದ್ದು ನನ್ನ ಜೀವನದ ಕಥೆ. ನಾನು ಯಾರ ಕೈಕಾಲೂ ಹಿಡೀಲಿಲ್ಲ. ಪೈಪೋಟಿ ಮಾಡ್ದೆ, ಮೇಲೆ ಬಂದೆ. ಶಕ್ತಿ ಇದ್ದೋನು ಪೇಟೆಗೆ ಬರ್ತಾನೆ, ಇಲ್ದೋನು ಅಂಚಿಗೆ ಹೋಗ್ತಾನೆ. ವಿಜ್ಞಾನವೇ ಹಂಗೆ ಹೇಳೋವಾಗ ನಾವು ಸುಮ್ನೆ ಕೂತ್ರೆ ಊರು ಕೊಳೀತದೆ.”

ಕೊನೆಯ ಮಾತನ್ನು ನಾನು ಹೇಳಿರಲಿಲ್ಲ. ಚಪ್ಪಾಳೆಯಲ್ಲಿ ತಿದ್ದುವುದಕ್ಕೆ ಆಗಲಿಲ್ಲ. ಅಪ್ಪನಿಗೆ ಒಂದು ಪ್ರತಿಯನ್ನು ಅಂಚೆಯಲ್ಲಿ ಕಳಿಸಿದ್ದೇನೆ.

2 ಫೆಬ್ರವರಿ

ಆದದ್ದನ್ನು ಆದಂತೆ ಬರೆಯುತ್ತೇನೆ.

ಕಲ್ಲುಗುಂಡಿಯ ಎಲ್ಲ ಬಾಗಿಲುಗಳಿಗೂ ಸಮಿತಿಯವರು ನೋಟೀಸು ಅಂಟಿಸಿದ್ದಾರೆ. ಓದಿಸಿಕೊಳ್ಳಲು ನಿಂಗಪ್ಪ ಒಂದನ್ನು ಕಿತ್ತುಕೊಂಡು ನನ್ನ ಬಳಿಗೇ ಬಂದ. ರೇಷನ್ ಕಾರ್ಡಿನ ಕಾಗದ ಎಂದುಕೊಂಡಿದ್ದ. ಮುಖದಲ್ಲಿ ನಗು ಇತ್ತು.

“ವೈಜ್ಞಾನಿಕ ಸಮೀಕ್ಷೆಯಿಂದ ಸದರಿ ಜಾಗವು ಅತಿಕ್ರಮಣವೆಂದು ದೃಢಪಟ್ಟಿರುವುದರಿಂದ, ಸಮೀಕ್ಷಾ ಸಂಖ್ಯೆ 1ರಿಂದ 43ರವರೆಗಿನ ಗುಡಿಸಲುಗಳನ್ನು ಹತ್ತು ದಿನಗಳೊಳಗೆ ತೆರವು ಮಾಡತಕ್ಕದ್ದು.”

ನನ್ನ ಪದ. ನನ್ನ ನಂಬರು.

“ಏನಂತೆ ಸ್ವಾಮಿ?” ಎಂದು ಕೇಳಿದ. ಓದಿದ್ದನ್ನೇ ಇನ್ನೊಮ್ಮೆ ಓದಿದೆ.

ತೀರ್ಥಹಳ್ಳಿ, 4 ಫೆಬ್ರವರಿ

ಮನೆಗೆ ಬಂದೆ. ಯಾರಲ್ಲಾದರೂ ಹೇಳಿಕೊಳ್ಳಬೇಕಿತ್ತು. ಅಪ್ಪ ಮೂವತ್ತು ವರ್ಷದಿಂದ ವಕೀಲರ ಗುಮಾಸ್ತರು, ಕಾನೂನು ಬಲ್ಲವರು. ನಾನು ಕಳಿಸಿದ್ದ ವರದಿಯನ್ನು ಬಂದವರಿಗೆಲ್ಲ ತೋರಿಸುತ್ತಿದ್ದಾರೆಂದು ಅಮ್ಮ ಹೇಳಿದಳು. ನೋಟೀಸಿನ ನಕಲನ್ನು ಅವರ ಕೈಗೆ ಕೊಟ್ಟೆ. ಕನ್ನಡಕ ಹಾಕಿಕೊಂಡು ಓದಿದರು.

“ಸರಿಯಾಗೇ ಇದೆಯಲ್ಲ. ಎಂತ ತಪ್ಪು?”

“ನಾನು ಆ ಅರ್ಥದಲ್ಲಿ ಬರೆದದ್ದಲ್ಲ ಅಪ್ಪ. ಗಿಡ ಬೇರೂರುವುದಕ್ಕೆ ಆ ಪದ ಹಾಕಿದ್ದು.”

“ಗಿಡಕ್ಕೆ ಯಾರಾದ್ರೂ ಅತಿಕ್ರಮಣ ಅಂತಾರಾ ಮಾರಾಯ? ಪಟ್ಟೆ ಇಲ್ದೋನು ಇನ್ನೊಬ್ಬರ ನೆಲದಲ್ಲಿ ಕೂತ್ರೆ ಹಂಗೆ ಅಂತಾರೆ. ನಿಂಗೆ ಗೊತ್ತಿಲ್ದೆ ಏನು? ಈ ಜಗಲಿ ಮೇಲೇ ಕಲ್ತಿದ್ದಲ್ವ ನೀನು.”

ನೆನಪಾಯಿತು. ನನಗೆ ಹತ್ತು ಹನ್ನೆರಡು ವರ್ಷವಿದ್ದಾಗ ಅಪ್ಪ ದಾವೆಯ ಕಾಗದಗಳನ್ನು ಮನೆಗೆ ತರುತ್ತಿದ್ದರು. ನಾನು ಗಟ್ಟಿಯಾಗಿ ಓದುವುದು, ಅವರು ಅಚ್ಚುಕಟ್ಟಾಗಿ ನಕಲು ಮಾಡುವುದು. ನನ್ನ ಉಚ್ಚಾರವನ್ನು ಹೊಗಳುತ್ತಿದ್ದರು. ಎಲ್ಲವೂ ಒಕ್ಕಲೆಬ್ಬಿಸುವ ದಾವೆಗಳು. ಪ್ರತಿವಾದಿಗಳ ಹೆಸರುಗಳನ್ನೂ ನಾನೇ ಓದಿರಬೇಕು. ಒಂದು ಹೆಸರೂ ನೆನಪಿಲ್ಲ. ಪದ ಮಾತ್ರ ಉಳಿದುಬಿಟ್ಟಿತ್ತು.

ಅದು ತಾನಾಗಿ ಬಾಯಿಗೆ ಬಂದಿತೆಂದು ಬರೆದಿದ್ದೇನೆ. ತಾನಾಗಿ ಬಂದದ್ದಲ್ಲ.

ಅಪ್ಪ ಕನ್ನಡಕ ತೆಗೆದು, “ಊಟ ಮಾಡು. ಸಣ್ಣ ವಿಷಯಕ್ಕೆ ಯಾಕೆ ಹಿಂಗಾಗಿದೀಯ?” ಎಂದರು. ಅವರ ಮೇಲೆ ಸಿಟ್ಟು ಬರಲಿಲ್ಲ. ಅದು ಬಂದಿದ್ದರೆ ವಾಸಿಯಿತ್ತು.

ಸಾಗರ, 11 ಫೆಬ್ರವರಿ

ಪ್ರೊಫೆಸರರಿಗೆ ಬರೆದಿದ್ದ ಪತ್ರಕ್ಕೆ ಉತ್ತರ ಬಂತು. ಪದ ತಪ್ಪಾಗಿದೆ, ತೀರ್ಮಾನವನ್ನು ಹಿಂದಕ್ಕೆ ಪಡೆಯುತ್ತೇವೆಂದು ಸಮಿತಿಗೆ ಒಂದು ಸಾಲು ಬರೆಯಿರಿ ಎಂದು ಬೇಡಿಕೊಂಡಿದ್ದೆ. ಅವರು ಬರೆದದ್ದು: “ನಾವು ಇರುವುದನ್ನು ವರ್ಣಿಸುತ್ತೇವೆ, ಏನು ಮಾಡಬೇಕೆಂದು ಹೇಳುವುದಿಲ್ಲ. ಸಸ್ಯಶಾಸ್ತ್ರಜ್ಞ ಕಳೆಯ ಬಗ್ಗೆ ಬರೆದರೆ, ಗುದ್ದಲಿ ಹಿಡಿದವನ ಹೊಣೆ ಅವನದಲ್ಲ. ನೀವು ಭಾವುಕರಾಗುತ್ತಿದ್ದೀರಿ. ಸ್ಥಳೀಯ ಎಡಪಂಥೀಯರ ಸಹವಾಸ ಬೇಡ.”

ಕಳೆ. ನಾಲ್ಕು ಸಲ ಓದಿದೆ. ಅವರು ಬರೆದದ್ದು ಕಳೆ ಎಂದೇ.

ಕಳಿಸದೆ ಉಳಿದಿದ್ದ ಹದಿನೆಂಟು ಫಾರ್ಮುಗಳನ್ನು ತೆಗೆದು ನೋಡಿದೆ. ಬರಲು ಕಾರಣ: ಉದ್ಯೋಗ, ಉದ್ಯೋಗ, ಉದ್ಯೋಗ. ಎಲ್ಲವೂ ನನ್ನ ಅಕ್ಷರ.

15 ಫೆಬ್ರವರಿ

ಬಂದರು. ಹತ್ತು ಆಳು, ಒಬ್ಬ ಪೇದೆ, ಒಂದು ಪಟ್ಟಿ. ಬಾಗಿಲ ಮೇಲಿನ ಟಾರಿನ ನಂಬರು ಓದುವುದು, ಪಟ್ಟಿಯಲ್ಲಿ ಗೀಟು ಹಾಕುವುದು, ಕೆಡವುವುದು. ಒಂದರಿಂದ ಎಂಟರವರೆಗೆ. ಎಂಟನೆಯದರ ಒಳಗೆ ಒಲೆಯ ಮೇಲೆ ಗಂಜಿ ಇತ್ತು. ಆಳುಗಳಲ್ಲಿ ಒಬ್ಬ ಪಾತ್ರೆಯನ್ನು ಜೋಪಾನವಾಗಿ ಇಳಿಸಿ ಹೊರಗಿಟ್ಟು, ಆಮೇಲೆ ಚಾವಣಿಯ ಬಿದಿರ ಗಳು ಎಳೆದ. ಅಷ್ಟರಲ್ಲಿ ಕತ್ತಲಾಯಿತು, ಉಳಿದವಕ್ಕೆ ಮತ್ತೆ ಬರುತ್ತೇವೆಂದು ಹೋದರು.

ಕೆಲಸದವರು ಗಿರಿಯಪ್ಪನವರ ಮಿಲ್ಲಿನಿಂದಲೇ ಬಂದವರು. ನಿಂಗಪ್ಪನನ್ನೂ ಕರೆದಿದ್ದರಂತೆ, ಅವನು ಹೋಗಲಿಲ್ಲ. ಮಿಲ್ಲಿನ ಕೆಲಸ ಹೋಯಿತು.

ನಾನು ರಸ್ತೆಯಲ್ಲಿ ನಿಂತಿದ್ದೆ. ನಿಲ್ಲಿಸಿ ಎಂದು ಕೂಗಿದೆನೆಂದುಕೊಂಡಿದ್ದೆ. ಕೂಗಲೇ ಇಲ್ಲವೆಂದು ಪಕ್ಕದಲ್ಲಿದ್ದ ಜಟ್ಟಿಂಗಪ್ಪ ಹೇಳಿದರು.

16 ಫೆಬ್ರವರಿ

ಬೈಯುತ್ತಾರೆಂದುಕೊಂಡು ಹೋದೆ. ಯಾರೂ ಬೈಯಲಿಲ್ಲ. ನಿಂಗಪ್ಪ ದೂರದ ಕಲ್ಲಿನ ಮೇಲೆ ಒಬ್ಬನೇ ಕೂತಿದ್ದ. ಅವನೊಡನೆ ಯಾರೂ ಮಾತಾಡುತ್ತಿಲ್ಲ. ಟಾರಿನ ಡಬ್ಬಿ ಹಿಡಿದು ಮನೆಮನೆಗೆ ಹೋದವನು ಅವನಲ್ಲವೇ. ನನ್ನನ್ನು ಪರದೇಶದಿಂದ ಬಂದವನೆಂದು ಬಿಟ್ಟಿದ್ದಾರೆ. ಅವನನ್ನು ಬಿಟ್ಟಿಲ್ಲ.

ಪಕ್ಕದಲ್ಲಿ ಕೂತು, “ತಪ್ಪು ನನ್ನದು” ಎಂದೆ.

“ನಿಮ್ದು ಅಂತ ಗೊತ್ತು. ಅದಕ್ಕೇನೀಗ? ನೀವು ಮೈಸೂರಿಗೆ ಹೋಗ್ತೀರಿ. ನಾ ಇವ್ರ ಮುಖಾನೇ ನೋಡ್ಬೇಕಲ್ಲ.”

ಕೆರಿಯಮ್ಮ ಮುರಿದ ಗುಡಿಸಲಿನ ಗಳುಗಳನ್ನು ಒಟ್ಟು ಮಾಡುತ್ತಿದ್ದವರು ನನ್ನನ್ನು ಕರೆದು, “ಸುಮ್ನೆ ನಿಂತ್ಕಂಡು ಎಂತ ಮಾಡ್ತೀರಿ, ಆ ತುದಿ ಹಿಡ್ಕಳಿ” ಎಂದರು. ಹಿಡಿದೆ. ಮಧ್ಯಾಹ್ನದೊಳಗೆ ಎರಡು ಗುಡಿಸಲು ಮತ್ತೆ ಎದ್ದವು. ಅವರ ಕೈಯಿಂದ ನೀರು ಇಸಿದುಕೊಂಡು ಕುಡಿದೆ. ಬಿಸಿಲು ಜಾಸ್ತಿ ಇತ್ತು.

1 ಮಾರ್ಚ್

ಜಟ್ಟಿಂಗಪ್ಪನವರು ಮೇಲಿನವರಿಗೆ ಅರ್ಜಿ ಹಾಕಿ ತಡೆ ತಂದಿದ್ದಾರೆ. ತಿಂಗಳ ಕೊನೆಗೆ ಒಬ್ಬ ಅಧಿಕಾರಿ ಬಂದು ವಿಚಾರಣೆ ನಡೆಸುತ್ತಾರೆ. ಅಲ್ಲಿಯವರೆಗೆ ಕೆಡವುವಂತಿಲ್ಲ. ಅಧಿಕಾರಿಯ ಮುಂದಿಡಲು ನಾನು ಹೊಸ ಸಮೀಕ್ಷೆ ಮಾಡುತ್ತಿದ್ದೇನೆ. ಅಚ್ಚಾದ ಫಾರ್ಮು ಇಲ್ಲ, ಬರೀ ಹಾಳೆ. ಎಲ್ಲಿಂದ ಬಂದಿರಿ, ಯಾರ ನೆಲ ಗೇಯುತ್ತಿದ್ದಿರಿ, ನೀರು ಯಾವಾಗ ಹೊಸಿಲಿಗೆ ಬಂತು, ನಿಮ್ಮನ್ನು ಕಂಡವರು ಯಾರಿದ್ದಾರೆ. ಹೇಳಿದ್ದನ್ನು ಹೇಳಿದಂತೆಯೇ ಬರೆದುಕೊಳ್ಳುತ್ತೇನೆ. ನಿಂಗಪ್ಪನೂ ಜೊತೆಗೆ ಬರುತ್ತಾನೆ. ಮೊದಲ ದಿನ ಬಾಗಿಲಲ್ಲೇ ನಿಲ್ಲಿಸುತ್ತಿದ್ದರು. ಇವತ್ತು ಒಂದು ಮನೆಯಲ್ಲಿ ಅವನಿಗೂ ಚಾಪೆ ಹಾಕಿದರು.

ಮೇಜಿನ ಮೇಲೆ ಹೊಸ ನಕ್ಷೆ ಬಿಡಿಸಿದ್ದೇನೆ. ಬಳೆಗಳು ಬರಲೇ ಇಲ್ಲ. ಕಣಿವೆಯಿಂದ ಕಲ್ಲುಗುಂಡಿಗೆ ಬಂದ ಗೆರೆಗಳು ಮಾತ್ರ ಬಂದವು. ಪ್ರತಿ ಗೆರೆಯ ಹಿಂದೆಯೂ ಯಾರದೋ ಆಜ್ಞೆ. ಇದು ನನಗೆ ಮೊದಲೇ ಏಕೆ ಕಾಣಲಿಲ್ಲ ಎಂದು ಕೂತು ಯೋಚಿಸುತ್ತೇನೆ. ಊರೂ ಅದೇ, ಜನರೂ ಅವರೇ.

14 ಮಾರ್ಚ್, ಭಾನುವಾರ

ಇವತ್ತಿನ ಆಘಾತ ಬೇರೆ ಕಡೆಯಿಂದ ಬಂತು.

ಕಲ್ಲುಗುಂಡಿಯ ನಲವತ್ತೆರಡು ಮನೆಯವರು ಮುಳುಗಡೆಯ ಊರುಗಳವರು. ಒಂದು ಮನೆ ಅಲ್ಲ. ಹೂವಮ್ಮ, ಮೂವತ್ತರ ಆಸುಪಾಸು, ಇಬ್ಬರು ಹೆಣ್ಣುಮಕ್ಕಳ ತಾಯಿ. ತೀರ್ಥಹಳ್ಳಿ ತಾಲ್ಲೂಕಿನ ಅರಳಸುರಳಿಯವರು. ಗಂಡ ಸತ್ತ ಮೇಲೆ ಮೈದುನರು ಮನೆಯಿಂದ ಹೊರಗೆ ಹಾಕಿದ್ದಾರೆ. ಸಾಗರದಲ್ಲಿ ಪಾತ್ರೆ ತೊಳೆಯುವ ಕೆಲಸ ಸಿಗುತ್ತದೆಂದು ಬಂದವರು. ಅವರ ಮಾತನ್ನೇ ಬರೆದುಕೊಂಡಿದ್ದೇನೆ: “ನೀರು ಬಂದು ಓಡ್ಸಿದ್ರೆ ಸರ್ಕಾರ ಕೇಳ್ತದೆ. ಮೈದುನ ಓಡ್ಸಿದ್ರೆ ಯಾರೂ ಕೇಳಲ್ಲ.”

ಜಟ್ಟಿಂಗಪ್ಪನವರು ಆ ಹಾಳೆಯನ್ನು ಪಕ್ಕಕ್ಕೆ ತೆಗೆದಿಟ್ಟರು.

“ಇದನ್ನ ಬಿಡಿ. ಇಲ್ಲಾಂದ್ರೆ ಯಾವ್ದಾದ್ರೂ ಮುಳುಗಡೆ ಊರಿನ ಹೆಸ್ರು ಬರೀರಿ.”

“ಅದು ಸುಳ್ಳಾಗುತ್ತದೆ.”

“ನಲವತ್ತೆರಡು ಮನೆ ಉಳೀಬೇಕು ಗಣೇಶಮೂರ್ತಿಯೋರೆ. ಒಬ್ಳು ಸುಮ್ನೆ ಬಂದೋಳು ಅಂತ ಗೊತ್ತಾದ್ರೆ ಎಲ್ರೂ ಹಂಗೇ ಬಂದಿದ್ದು ಅಂತಾರೆ. ಗೇಣಿದಾರ, ಒಡೆಯ, ಅಣೆಕಟ್ಟು ಅಂತ ನಮ್ಮ ವಾದ ನೆಟ್ಟಗಿದೆ. ಇವಳು ಅದ್ರೊಳಗೆ ಎಲ್ಲಿ ಕೂರ್ತಾಳೆ?”

ಬರಲು ಕಾರಣಕ್ಕೆ ಮೂರೇ ಉತ್ತರ ಇಟ್ಟಿದ್ದು ಮೈಸೂರು. ಈಗ ಇವರು ಒಂದೇ ಇಡುತ್ತಿದ್ದಾರೆ. ಎರಡು ಕಡೆಯೂ ನಕ್ಷೆ ಮೊದಲು, ಜನ ಆಮೇಲೆ. ಹಾಗೆಂದು ಇವರನ್ನೂ ಅವರನ್ನೂ ಒಂದೇ ತಕ್ಕಡಿಗೆ ಹಾಕಲಾರೆ. ಇವರು ಆ ಎಂಟು ಮನೆಯವರನ್ನು ತಮ್ಮ ಅಂಗಡಿಯೊಳಗೆ ಮಲಗಿಸಿದ್ದರು. ಅದಕ್ಕೇ ಇನ್ನೂ ಕಂಗಾಲಾಗಿದ್ದೇನೆ.

ಕೊನೆಗೆ ಹೂವಮ್ಮನ ಹೆಸರು ಪಟ್ಟಿಯಲ್ಲಿರಲಿ, ಊರಿನ ಕಾಲಂ ಖಾಲಿ ಇರಲಿ ಎಂದು ಒಪ್ಪಿಕೊಂಡೆವು. ನನಗೂ ಸಮಾಧಾನವಿಲ್ಲ, ಅವರಿಗೂ ಇಲ್ಲ.

29 ಮಾರ್ಚ್

ವಿಚಾರಣೆ ಮುಗಿಯಿತು. ಪ್ರವಾಸಿ ಬಂಗಲೆಯ ಹಜಾರದಲ್ಲಿ ನಡೆಯಿತು. ಅಧಿಕಾರಿ ಶಾಂತ ಸ್ವಭಾವದವರು, ಎಲ್ಲವನ್ನೂ ಬರೆದುಕೊಳ್ಳುತ್ತಿದ್ದರು. ಕಲ್ಲುಗುಂಡಿಯವರೆಲ್ಲ ಅಂಗಳದಲ್ಲಿ ನಿಂತಿದ್ದರು.

ಸಮಿತಿಯ ವಕೀಲರು ವರದಿಯನ್ನು ಎತ್ತಿ ಹಿಡಿದು, “ಈ ಪದ ತಜ್ಞರದು” ಎಂದರು.

ನಾನು ಎದ್ದು ನಿಂತು, “ಆ ಪದ ನನ್ನದು” ಎಂದೆ. “ಮೂಲದಲ್ಲಿ ಇಲ್ಲ. ಗಿಡ ಒಳಬಂದು ಬೇರೂರುವುದಕ್ಕೆ ಹೇಳುವ ಮಾತಿಗೆ ನಾನು ಕೋರ್ಟಿನ ಪದ ಹಾಕಿದೆ. ತೀರ್ಮಾನವೂ ನನ್ನ ಫಾರ್ಮುಗಳೆಲ್ಲ ಹೋಗುವ ಮೊದಲೇ ಬರೆದದ್ದು.”

ಹದಿನೆಂಟು ಫಾರ್ಮುಗಳನ್ನೂ, ಡಿಸೆಂಬರ್ ತಾರೀಖಿನ ಸಾರಾಂಶವನ್ನೂ ಮೇಜಿನ ಮೇಲಿಟ್ಟೆ. ಗಿರಿಯಪ್ಪನವರು ನನ್ನನ್ನೇ ನೋಡುತ್ತಿದ್ದರು. ಅವರ ಮುಖದಲ್ಲಿ ಸಿಟ್ಟಿರಲಿಲ್ಲ. ಅವರ ಜೀವನದ ಕಥೆಯನ್ನು ನಾನು ಕಿತ್ತುಕೊಂಡೆನೇನೋ ಎನ್ನುವಂತೆ ನೋಡುತ್ತಿದ್ದರು.

ಆಮೇಲೆ ಅಧಿಕಾರಿ ಹೊಸ ಪಟ್ಟಿಯ ಮೇಲೆ ಬೆರಳಾಡಿಸುತ್ತ ಬಂದು ಒಂದು ಕಡೆ ನಿಲ್ಲಿಸಿದರು.

“ಇಲ್ಲಿ ಊರಿನ ಹೆಸರು ಬಿಟ್ಟಿದ್ದೀರಿ. ಇವರೂ ಮುಳುಗಡೆಯವರೇ?”

ಜಟ್ಟಿಂಗಪ್ಪನವರು ನೆಲ ನೋಡುತ್ತಿದ್ದರು. ಅಂಗಳದಲ್ಲಿ ಹೂವಮ್ಮ ಚಿಕ್ಕ ಮಗಳ ಜಡೆ ಸರಿಮಾಡುತ್ತಿದ್ದುದು ಬಾಗಿಲಿನಿಂದ ಕಾಣುತ್ತಿತ್ತು. ಒಂದು ‘ಹೌದು’ ಸಾಕಿತ್ತು. ಆಗತಾನೆ ನಾನು ಒಂದು ತಪ್ಪು ಮಾತನ್ನು ಹಿಂದಕ್ಕೆ ಪಡೆದಿದ್ದೆ, ಇನ್ನೊಂದನ್ನು ಹೇಳಲು ನಾಲಿಗೆ ಏಳಲಿಲ್ಲ.

“ಅಲ್ಲ. ಅರಳಸುರಳಿಯವರು. ಆದರೆ ಅವರಿಗೂ ಬೇರೆ ನೆಲೆಯಿಲ್ಲ.”

ಮೊದಲ ಎರಡು ಮಾತನ್ನಷ್ಟೇ ಅವರು ಬರೆದುಕೊಂಡರು.

12 ಏಪ್ರಿಲ್

ಆದೇಶ ಬಂದಿದೆ. ನಲವತ್ತೆರಡು ಮನೆಯವರು ಮುಳುಗಡೆಯಿಂದ ಬಂದವರೆಂದು ಒಪ್ಪಿದ್ದಾರೆ. ಬೇರೆ ನಿವೇಶನ ಕೊಡುವವರೆಗೆ ಎಬ್ಬಿಸುವಂತಿಲ್ಲ, ರೇಷನ್ ಕಾರ್ಡು ಕೊಡತಕ್ಕದ್ದು. ಸಂಖ್ಯೆ 31, ಹೂವಮ್ಮ, ಎರಡು ವಾರದೊಳಗೆ ಗುಡಿಸಲು ತೆಗೆಯತಕ್ಕದ್ದು.

ಸುಳ್ಳು ಪದದಿಂದ ಎಂಟು ಮನೆ ಬಿತ್ತು. ನಿಜದಿಂದ ಒಂದು.

ಆದೇಶವನ್ನು ಕಲ್ಲುಗುಂಡಿಯಲ್ಲಿ ನಾನೇ ಓದಿದೆ. ಬೇರೆಯವರಿಂದ ಓದಿಸಬಹುದಿತ್ತು, ಅದು ಹೇಡಿತನವೆನಿಸಿತು. ಹೂವಮ್ಮ ಕೇಳಿಸಿಕೊಂಡು, “ನೀವು ಇದ್ದದ್ದು ಹೇಳಿದ್ರಿ” ಎಂದರು. ಅದು ಕ್ಷಮಿಸಿದ ಮಾತೋ, ಆರೋಪವೋ ಈಗಲೂ ತಿಳಿದಿಲ್ಲ. ಜಟ್ಟಿಂಗಪ್ಪನವರು ಮಾತು ಬಿಟ್ಟಿದ್ದಾರೆ. ಮಾಳಿಗೆ ಬಿಡಿ ಎಂದೂ ಹೇಳುವುದಿಲ್ಲ. ಯಂತ್ರ ತುಳಿಯುತ್ತಲೇ ಇರುತ್ತಾರೆ.

19 ಏಪ್ರಿಲ್

ಮೈಸೂರಿನಿಂದ ಪತ್ರ. ಸಂಶೋಧನಾ ವೇತನ ನಿಲ್ಲಿಸಲಾಗಿದೆ. ಪುಸ್ತಕಗಳನ್ನು ಹಿಂದಿರುಗಿಸಬೇಕು. ಕಟ್ಟಿಟ್ಟೆ.

ಅಪ್ಪನೂ ಬರೆದಿದ್ದಾರೆ. ವಕೀಲರ ಕಚೇರಿಯಲ್ಲಿ ಜಾಗವಿದೆಯಂತೆ. ನನ್ನ ಭಾಷೆ ಚೆನ್ನಾಗಿದೆ, ಬೇಗ ಮುಂದೆ ಬರುತ್ತೇನಂತೆ. ಉತ್ತರ ಬರೆಯಲು ಕೂತೆ. ‘ಇಲ್ಲಿ ನಮ್ಮ ಬಾವಿಯ ಅರ್ಜಿ ಇನ್ನೂ ಆಗಬೇಕು, ಮಳೆಗೆ ಮುಂಚೆ ನಮ್ಮ ಮಾಡುಗಳಿಗೆ ಹುಲ್ಲು ಹೊದಿಸಬೇಕು, ಆಮೇಲೆ ನೋಡೋಣ’ ಎಂದು ಬರೆದೆ.

25 ಏಪ್ರಿಲ್, ಭಾನುವಾರ

ಹೂವಮ್ಮ ಗುಡಿಸಲು ತೆಗೆಯಬೇಕಾದ ಕೊನೆಯ ದಿನ. ಸಮಿತಿಯ ಇಬ್ಬರು ಪಟ್ಟಿ ಹಿಡಿದು ರಸ್ತೆಯಲ್ಲಿ ಕಾಯುತ್ತಿದ್ದರು. ಅವರಿಗೆ ಕೆಲಸವೇ ಉಳಿಯಲಿಲ್ಲ. ಬೆಳಿಗ್ಗೆಯೇ ಕೆರಿಯಮ್ಮ ಹತ್ತಾರು ಹೆಂಗಸರನ್ನು ಕರೆದುಕೊಂಡು ಬಂದು ತಾವೇ ಹುಲ್ಲು, ಗಳು, ತಟ್ಟಿಗಳನ್ನು ಬಿಚ್ಚಿದರು. ನಿಂಗಪ್ಪ ಕಂಬ ಕಿತ್ತ. ಮೂವತ್ತೊಂದನೆಯ ಜಾಗ ಬಯಲಾಯಿತು. ಸಮಿತಿಯವರು ಗೀಟು ಹಾಕಿಕೊಂಡರು.

ಆಮೇಲೆ ಕೆರಿಯಮ್ಮ ಆ ಗಳುಗಳನ್ನೆಲ್ಲ ಹೊರಿಸಿಕೊಂಡು ಹೋಗಿ ತಮ್ಮ ಗುಡಿಸಲಿನ ಗೋಡೆಗೆ ಒರಗಿಸಿದರು. ಸಮಿತಿಯವನೊಬ್ಬ ಹಿಂದೆಯೇ ಬಂದು, ಇದೇನು ಎಂದು ಕೇಳಿದ.

“ನನ್ನ ಮನೆ ದೊಡ್ಡದು ಮಾಡ್ತಿದೀನಿ.”

“ಇವಳು ಇಲ್ಲಿರೋ ಹಂಗಿಲ್ಲ. ಆದೇಶದಲ್ಲಿದೆ.”

“ಯಾವ ಯಾವ ಮನೆ ಉಳೀಬೇಕು ಅಂತ ಅದ್ರಲ್ಲಿ ಬರ್ದಿದಾರೆ. ಮನೆಯೊಳಗೆ ಯಾರ್ ಯಾರು ಉಣ್ಬೇಕು ಅಂತ ಬರ್ದಿದಾರಾ?” ಎಂದು ನನ್ನ ಕಡೆ ತಿರುಗಿದರು. “ಓದಿ ಹೇಳಿ ನೀವು.”

ಆದೇಶದ ಪ್ರತಿ ಜೇಬಿನಲ್ಲೇ ಇತ್ತು. ತೆಗೆದು ಮೊದಲಿನಿಂದ ಕೊನೆಯವರೆಗೆ ನಿಧಾನವಾಗಿ ಓದಿದೆ. ಬರೆದಿರಲಿಲ್ಲ. ಅಷ್ಟು ಸಲ ಓದಿದ್ದರೂ ನನಗೆ ಹೊಳೆದಿರಲಿಲ್ಲ. ಓದು ಬಾರದ ಕೆರಿಯಮ್ಮನಿಗೆ ಒಂದೇ ಸಲ ಕೇಳಿದ್ದರಲ್ಲಿ ಹೊಳೆದಿತ್ತು. ಸಮಿತಿಯವನು ಕಾಗದವನ್ನು ನನ್ನ ಕೈಯಿಂದ ತೆಗೆದುಕೊಂಡು ತಾನೂ ಓದಿದ. ವಾಪಸು ಕೊಟ್ಟು ಹೊರಟುಹೋದ.

ಮಧ್ಯಾಹ್ನದ ಹೊತ್ತಿಗೆ ಜಟ್ಟಿಂಗಪ್ಪನವರು ಅಂಗಡಿ ಮುಚ್ಚಿ ಬಂದರು. ಅಂಗಿ ಕಳಚಿಟ್ಟು, ತಟ್ಟಿಯ ಇನ್ನೊಂದು ಬದಿಗೆ ಕೈ ಹಾಕಿ, “ಎತ್ತಿ” ಎಂದರು. ಎತ್ತಿದೆವು.

ಹೊಸ ಭಾಗಕ್ಕೆ ಬಾಗಿಲು ಯಾವ ಕಡೆ ಎಂದು ಚರ್ಚೆ ಶುರುವಾಯಿತು. ಮಳೆ ಪಡುವಣದಿಂದ ಹೊಡೆಯುತ್ತದೆ, ಬಡಗಣಕ್ಕೆ ಇಡಿ ಎಂದು ನಿಂಗಪ್ಪ ಹೇಳಿದ. ಒಳಗಿನಿಂದಲೇ ಒಂದು ಕಂಡಿ ಸಾಕು ಎಂದು ಕೆರಿಯಮ್ಮ. ತನಗೆ ಬೇರೆ ಬಾಗಿಲೇ ಬೇಕು, ಅದೂ ಮೂಡಣಕ್ಕೆ ಎಂದು ಹೂವಮ್ಮ ಪಟ್ಟು ಹಿಡಿದರು. ತೆಂಕಣ ದಿಕ್ಕಾದರೆ ಗಾಳಿ ಚೆನ್ನಾಗಿ ಬರುತ್ತದೆ ಎಂದು ನಾನೂ ಒಂದು ಮಾತು ಹೇಳಿದೆ. ಯಾರೂ ಕೇಳಿಸಿಕೊಳ್ಳಲಿಲ್ಲ. ಬಾಗಿಲನ್ನು ಮೂಡಣಕ್ಕೇ ನಿಲ್ಲಿಸಿದೆವು.